ಬೆಲ್ಲ ಕಟ್ಟದ ಮಾಘ

ನಮ್ಮ ತಾತ ಲೆಕ್ಕದ ಪುಸ್ತಕ ಬರೆಯುತ್ತಿದ್ದರು. ಉದ್ದನೆಯ, ಕೆಂಪು ರಟ್ಟಿನ, ಕಿರಾಣಿ ಅಂಗಡಿಯವರು ಇಟ್ಟುಕೊಳ್ಳುವಂಥ ಪುಸ್ತಕ. ಅದರಲ್ಲಿ ಇಂಗ್ಲಿಷ್ ತಾರೀಕು ಬಹಳ ಕಡಿಮೆ. ಸಂವತ್ಸರ, ಮಾಸ, ಶುದ್ಧ, ಬಹುಳ, ಅಷ್ಟೆ. ಮುಳಬಾಗಿಲು ತಾಲ್ಲೂಕಿನ ಕೆರೆ ನೀರಾವರಿಯ ಬಗ್ಗೆ ಪಿಎಚ್.ಡಿ. ಮಾಡುತ್ತೇನೆಂದು ಹೊರಟ ನನಗೆ ಮನೆಯ ಅಟ್ಟದ ಮೇಲೆಯೇ ಒಂದು ಪತ್ರಾಗಾರ ಇದೆ ಎಂದು ಗೊತ್ತಾಗಿದ್ದು ಎರಡನೇ ವರ್ಷದಲ್ಲಿ, ಅದೂ ಅಮ್ಮ ಅಟ್ಟ ಗುಡಿಸುವಾಗ.

ಪಿಂಗಳ ಸಂವತ್ಸರದ ಪುಟಗಳಲ್ಲಿ, ಮಾಘ ಶುದ್ಧದಲ್ಲಿ, ಒಂದು ಸಾಲಿದೆ: "ಬೆಲ್ಲ ಕಟ್ಟಲಿಲ್ಲ. ಪಾಕದವನ ಕೂಲಿ ರೂ. 45 ತಡೆದಿದೆ."

ಪಿಂಗಳ ಎಂದರೆ 1977-78. ಆ ಮಾಘ 1978ರ ಫೆಬ್ರವರಿಗೆ ಬರುತ್ತದೆ. ಮುಂದಿನ ಪುಟಗಳನ್ನೆಲ್ಲ ತಿರುವಿದೆ. ಆ ನಲವತ್ತೈದು ರೂಪಾಯಿ ಕೊಟ್ಟ ಲೆಕ್ಕ ಎಲ್ಲೂ ಇಲ್ಲ. ಯುಗಾದಿ ಕಳೆದ ಮೇಲೆ ಕೆರೆ ಕೆಳಗಿನ ಹದಿನೆಂಟು ಗುಂಟೆ ಮಾರಿದ ಲೆಕ್ಕ ಇದೆ.

ನಮ್ಮ ಮನೆಯಲ್ಲಿ ಈ ಕತೆಯನ್ನು ನಾನು ಚಿಕ್ಕಂದಿನಿಂದ ಬೇರೆ ಥರ ಕೇಳಿದ್ದೆ. ಒಂದು ವರ್ಷ ಆಲೆಮನೆಯಲ್ಲಿ ಪಾಕ ನೋಡುವವನು ಕೈ ಕೆಡಿಸಿಕೊಂಡ, ನಾಲ್ಕು ಕೊಪ್ಪರಿಗೆ ಪಾಕ ಅಂಬಲಿಯ ಹಾಗೆ ನಿಂತುಬಿಟ್ಟಿತು, ಅದರಿಂದ ಗದ್ದೆ ಹೋಯಿತು ಎಂದು. ಕುಡಿದಿದ್ದ ಎಂದು ಅಜ್ಜಿ ಹೇಳುತ್ತಿದ್ದರು. ಯಾರೋ ಕೊಪ್ಪರಿಗೆಗೆ ನಿಂಬೆಹಣ್ಣು ಹಿಂಡಿದರು ಎಂದು ಚಿಕ್ಕಜ್ಜಿ ಹೇಳುತ್ತಿದ್ದರು. ಆ ಮನುಷ್ಯ ಮುಂದೆ ನಮ್ಮ ಊರಿನ ಯಾವ ಆಲೆಮನೆಯಲ್ಲೂ ಕೊಪ್ಪರಿಗೆಯ ಮುಂದೆ ನಿಲ್ಲಲಿಲ್ಲ. ಇದನ್ನು ಹೇಳುವಾಗ ಯಾರ ದನಿಯಲ್ಲೂ ಅನುಮಾನ ಇರುತ್ತಿರಲಿಲ್ಲ.

ನನಗೆ ಅನುಮಾನ ಬಂದಿದ್ದು ಮೇಪಲ್ ಮರದ ದೆಸೆಯಿಂದ.

ಕಳೆದ ವರ್ಷ ಕೆನಡಾದಿಂದ ಬಂದ ಗೆಳತಿಯೊಬ್ಬಳು ಒಂದು ಸಣ್ಣ ಬಾಟಲಿ ಮೇಪಲ್ ಪಾಕ ತಂದುಕೊಟ್ಟಳು. ದೋಸೆಗೆ ಹಾಕಿಕೊಂಡು ತಿಂದೆವು. ಜೋನಿಬೆಲ್ಲದ ದೂರದ ನೆಂಟನ ಹಾಗಿತ್ತು. ಅದನ್ನು ಹೇಗೆ ಮಾಡುತ್ತಾರೆಂದು ಓದುತ್ತಾ ಹೋದೆ. ಚಳಿಗಾಲದ ಕೊನೆಯಲ್ಲಿ, ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ, ಹಗಲು ಹಿಮ ಕರಗುವಷ್ಟು ಬಿಸಿಲು ಇರುವ ಕೆಲವೇ ವಾರ ಆ ಮರ ರಸ ಕೊಡುತ್ತದೆ. ರಸದಲ್ಲಿ ಸಕ್ಕರೆ ಇರುವುದು ನೂರಕ್ಕೆ ಎರಡು ಪಾಲು. ಸುಮಾರು 40 ಲೀಟರ್ ರಸ ಕುದಿಸಿದರೆ 1 ಲೀಟರ್ ಪಾಕ. ಚಳಿ ಬೇಗ ಮುಗಿದು ಮರ ಮೊಗ್ಗೊಡೆಯಿತೋ, ರಸದ ರುಚಿ ಕೆಡುತ್ತದೆ, ಆ ವರ್ಷದ ಕೆಲಸ ಅಲ್ಲಿಗೆ ನಿಂತಿತು. 2012ರ ಮಾರ್ಚಿನಲ್ಲಿ ಅಮೆರಿಕದ ಈಶಾನ್ಯ ಭಾಗದಲ್ಲೂ ಒಂಟಾರಿಯೊದಲ್ಲೂ ಅಕಾಲದ ಸೆಕೆ ಬಂದು ಹಾಗೆಯೇ ಆಯಿತು. ಅಲ್ಲಿಯ ರೈತರು ಪಾಕ ಕೆಟ್ಟರೆ ಮೊದಲು ನೋಡುವುದು ಆ ವಾರದ ಹವೆಯನ್ನು. ನಾವೇಕೆ ಮನುಷ್ಯನ ಕೈಯನ್ನು ನೋಡಿದೆವು?

ಹಾಗೆಂದುಕೊಂಡು ತಾತನ ಪುಸ್ತಕವನ್ನು ಮತ್ತೆ ತೆರೆದೆ. ಈ ಸಲ ದುಡ್ಡಿನ ಲೆಕ್ಕ ಬಿಟ್ಟು, ಅಂಚಿನಲ್ಲಿ ಬರೆದಿದ್ದನ್ನು ಮಾತ್ರ ಓದಿದೆ. ಕಾರ್ತೀಕ ಶುದ್ಧ: "ಕೆರೆ ಕೋಡಿ. ಗಂಗಮ್ಮನ ಪೂಜೆ." ಮಾರ್ಗಶಿರ: "ಕಬ್ಬು ಮಲಗಿದೆ." ಪುಷ್ಯ, ಸಂಕ್ರಾಂತಿ ಆದ ಮೇಲೆ: "ಮೋಡ. ಚಳಿ ಇಲ್ಲ." ಮಾಘ: "ತುಂತುರು. ಸಿಪ್ಪೆ ಒಣಗಲಿಲ್ಲ." ಆಮೇಲೆ ಆ ಸಾಲು, ಬೆಲ್ಲ ಕಟ್ಟಲಿಲ್ಲ.

ತಾತ ಕಾರಣಗಳನ್ನೆಲ್ಲ ಸಾಲಾಗಿ ಬರೆದಿಟ್ಟಿದ್ದರು. ಕೂಡಿಸಿ ಓದಿರಲಿಲ್ಲ.

ಇದನ್ನು ಕೂಡಿಸಬೇಕಾದರೆ ಕಬ್ಬು ಹೇಗೆ ಮಾಗುತ್ತದೆ ಎಂಬುದು ಗೊತ್ತಿರಬೇಕು. ಕಬ್ಬು ಬೆಳೆಯುವುದಕ್ಕೆ ನೀರು ಮತ್ತು ಶಾಖ ಬೇಕು. ಮಾಗುವುದಕ್ಕೆ ಬೇಕಾಗಿರುವುದು ಅದರ ಉಲ್ಟಾ: ತೇವ ಕಡಿಮೆಯಾಗುತ್ತಾ ಬರುವ ನೆಲ, ಬಿಸಿಲಿನ ಹಗಲು, ತಣ್ಣನೆಯ ರಾತ್ರಿ. ಆಗ ಗಿಡ ಮೇಲಕ್ಕೆ ಬೆಳೆಯುವುದನ್ನು ನಿಲ್ಲಿಸಿ, ಮಾಡಿಕೊಂಡ ಸಕ್ಕರೆಯನ್ನು ಖರ್ಚು ಮಾಡದೆ ಜಲ್ಲೆಯಲ್ಲಿ ಕೂಡಿಡುತ್ತದೆ. ಸಮುದ್ರಮಟ್ಟದಿಂದ 800 ಮೀಟರಿಗಿಂತ ಎತ್ತರದಲ್ಲಿರುವ ನಮ್ಮ ಸೀಮೆಯಲ್ಲಿ ಧನುರ್ಮಾಸದಿಂದ ಶಿವರಾತ್ರಿಯವರೆಗೆ ಇಂಥ ಹವೆ ಸಿಗಬೇಕು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎನ್ನುತ್ತಾರಲ್ಲ, ಆಲೆಮನೆಯವರಿಗೆ ಆ ಮಾತು ಕೆಲಸ ಮುಗಿಸುವ ಗಡುವೂ ಹೌದು.

ಆದರೆ ಮುಳಬಾಗಿಲು ಮೂಡಲ ಬಾಗಿಲು. ವಿಜಯನಗರದ ಕಾಲಕ್ಕೆ ರಾಜ್ಯದ ಪೂರ್ವದ ಬಾಗಿಲಾಗಿದ್ದ ಈ ಊರು ಮಳೆಗೂ ಮೂಡಲ ಬಾಗಿಲೇ. ಕರ್ನಾಟಕದ ಬಹುಪಾಲು ಊರುಗಳು ಮುಂಗಾರನ್ನು ನೆಚ್ಚಿಕೊಂಡಿದ್ದರೆ, ನಮ್ಮ ಕೆರೆಗಳು ತುಂಬುವುದು ಹೆಚ್ಚಾಗಿ ಸೆಪ್ಟೆಂಬರ್ ಆದಮೇಲೆ, ಬಂಗಾಳ ಕೊಲ್ಲಿಯ ಕಡೆಯಿಂದ ಬರುವ ಮೋಡದಿಂದ. 1977ರ ನವೆಂಬರಿನಲ್ಲಿ ಆ ಕೊಲ್ಲಿಯಿಂದ ಒಂದರ ಹಿಂದೆ ಒಂದು ಎರಡು ಚಂಡಮಾರುತ ಬಂದವು. ಮೊದಲನೆಯದು ತಮಿಳುನಾಡಿನ ನಾಗಪಟ್ಟಣದ ಬಳಿ ದಡ ಹತ್ತಿತು. ಎರಡನೆಯದು 19ನೇ ತಾರೀಕು ಆಂಧ್ರದ ದಿವಿಸೀಮೆಯ ಮೇಲೆ ಬಿದ್ದು ಸಾವಿರಾರು ಜನರನ್ನು ನುಂಗಿತು. ಆ ದುರಂತದ ಮುಂದೆ ನಮ್ಮ ನಾಲ್ಕು ಕೊಪ್ಪರಿಗೆಯ ಲೆಕ್ಕ ಏನೇನೂ ಅಲ್ಲ. ತಾತನ ಪುಸ್ತಕದ "ಕೆರೆ ಕೋಡಿ" ಬರುವುದು ಅದೇ ದಿನಗಳಲ್ಲಿ.

ಈ ಎರಡು ಪದ ನನ್ನ ಸಂಶೋಧನೆಗೇ ಒಂದು ಪೆಟ್ಟು ಕೊಟ್ಟಿತು. ಕೆರೆಯ ಚರಿತ್ರೆ ಬರೆಯುವ ನಾವೆಲ್ಲ ಕೋಡಿ ಬಿದ್ದ ವರ್ಷವನ್ನು ಒಳ್ಳೆಯ ವರ್ಷದ ಕಡೆಗೆ ಹಾಕುತ್ತೇವೆ. ನನ್ನ ಕೋಷ್ಟಕದಲ್ಲೂ ಹಾಗೆಯೇ ಹಾಕಿದ್ದೆ. ಭತ್ತಕ್ಕೆ, ಬಾವಿಗೆ, ದನಕ್ಕೆ ಅದು ನಿಜ. ಬೆಳೆದು ನಿಂತು ಇನ್ನೇನು ಮಾಗಬೇಕಾದ ಕಬ್ಬಿಗೆ ನಿಜವಲ್ಲ. ಬೇರಿನ ಕೆಳಗೆ ನೀರು ನಿಂತರೆ ಕಬ್ಬು ಮಾಗುವ ಬದಲು ಮತ್ತೆ ಬೆಳೆಯಲು ಹೊರಡುತ್ತದೆ. ಗಾಳಿಮಳೆಗೆ ಮಲಗಿದ ಜಲ್ಲೆಯ ಕಣ್ಣುಗಳು ಚಿಗುರುತ್ತವೆ. ಚಿಗುರಿಗೆ ಊಟ ಬೇಕು. ಆ ಊಟ ಜಲ್ಲೆಯಲ್ಲಿ ಕೂಡಿಟ್ಟ ಸಕ್ಕರೆ.

ಕೋಲಾರ ಸೀಮೆಯಲ್ಲಿ ಕೆರೆ, ಕಬ್ಬು, ಬೆಲ್ಲ ಮೂರರ ನಂಟು ಬಹಳ ಹಳೆಯದು. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೇ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯದು. ಅದನ್ನು ತಿರುವುತ್ತಾ ಹೋದರೆ ಕೆರೆ ಕಟ್ಟಿಸಿದವರು, ಒಡೆದ ಕೆರೆಯನ್ನು ಸರಿಮಾಡಿಸಿದವರು, ಅದಕ್ಕಾಗಿ ಗದ್ದೆಯನ್ನು ಕೊಡಗೆಯಾಗಿ ಪಡೆದವರು ಮತ್ತೆ ಮತ್ತೆ ಎದುರಾಗುತ್ತಾರೆ. ಕನ್ನಡ ಶಾಸನಗಳಲ್ಲಿ ಗಾಣದೆರೆ ಪರಿಚಿತ ಪದ. ಅರಸರಿಗೆ, ದೇವಸ್ಥಾನಗಳಿಗೆ ಗಾಣ ಒಂದು ವರಮಾನ. ಗಾಣ ಎಷ್ಟು ಎಂದು ಎಣಿಸಿದರು. ಯಾವ ಮಾಘದಲ್ಲಿ ಪಾಕ ಕೆಟ್ಟಿತು ಎಂದು ಕಲ್ಲಿನ ಮೇಲೆ ಯಾಕೆ ಬರೆಸುತ್ತಾರೆ?

1800ರಲ್ಲಿ, ಟಿಪ್ಪು ಸತ್ತ ಮರುವರ್ಷ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇನ್ನೊಂದು ಥರದ ಸಾಕ್ಷಿ. ರಸದಾಳಿ, ಪಟ್ಟಾಪಟ್ಟಿ ಮೊದಲಾಗಿ ನಾಲ್ಕು ಬಗೆಯ ಕಬ್ಬನ್ನು ಅವನು ಹೆಸರಿಸುತ್ತಾನೆ. ಅವುಗಳಲ್ಲಿ ಕಿರುಬೆರಳಿನಷ್ಟು ಸಣ್ಣದಾದ ಜಲ್ಲೆಯ ಕಬ್ಬನ್ನೇ ಜನ ಹೆಚ್ಚು ಹಾಕುತ್ತಿದ್ದರು. ಕಾರಣವನ್ನೂ ಅವನೇ ಕೊಡುತ್ತಾನೆ: ಅದಕ್ಕೆ ನೀರು ಕಡಿಮೆ ಸಾಕು, ಏತದಿಂದ ಎತ್ತಿ ಹಾಯಿಸಿದರೂ ಬೆಳೆ ಕೈಗೆ ಬರುತ್ತದೆ. ಇದನ್ನು ಓದುವವರು ಬಡತನದ ಕಬ್ಬು ಎಂದುಕೊಳ್ಳಬಹುದು. ನನಗೆ ಅದು ಹವೆ ಬಲ್ಲವರ ಕಬ್ಬು ಎನಿಸುತ್ತದೆ. ವರ್ಷವಿಡೀ ಕೆರೆಯಲ್ಲಿ ನೀರು ನಿಲ್ಲುತ್ತದೆಂಬ ಭರವಸೆ ಇಲ್ಲದ ಕಡೆ ದಪ್ಪ ಜಲ್ಲೆಯ ಆಸೆ ಬಿಟ್ಟು, ಕೈಗೆ ಸಿಗುವ ಬೆಲ್ಲವನ್ನು ಆರಿಸಿಕೊಂಡವರು ಅವರು.

ಆಮೇಲಿನ ಬದಲಾವಣೆ ಗಾಣದ್ದು. ಕಲ್ಲಿನ, ಮರದ ಗಾಣಗಳಲ್ಲಿ ಕಬ್ಬು ಅರೆಯುವುದು ನಿಧಾನ. ಹಿಂಡಿದ ಹಾಲು ಕೆಲವೇ ಗಂಟೆಗಳಲ್ಲಿ ಹುಳಿಯತ್ತ ತಿರುಗುತ್ತದೆ. ರಾತ್ರಿ ತಣ್ಣಗಿದ್ದರೆ ಸ್ವಲ್ಪ ತಡೆಯುತ್ತದೆ, ಮೋಡ ಕವಿದು ಸೆಕೆಯಾದರೆ ತಡೆಯುವುದಿಲ್ಲ. 1870ರ ದಶಕದಲ್ಲಿ ಬಿಹಾರದ ಬಿಹಿಯಾ ಎಂಬ ಊರಿನಲ್ಲಿ ತಾಮ್ಸನ್ ಮತ್ತು ಮೈಲ್ನ್ ಎಂಬಿಬ್ಬರು ಎತ್ತು ಕಟ್ಟಿ ತಿರುಗಿಸುವ ಕಬ್ಬಿಣದ ಉರುಳೆಗಳ ಗಾಣ ತಯಾರಿಸಿದರು. ಅಂಥ ಗಾಣಗಳು ದೇಶವೆಲ್ಲ ಹರಡಿದವು. ಕೆಲಸ ಬೇಗ ಆಗತೊಡಗಿದ್ದರಿಂದ ಹಾಲು ಕಾಯುವ ಹೊತ್ತು ಕಡಿಮೆಯಾಯಿತು. ನಮ್ಮ ಊರಿನ ಆಲೆಮನೆಯಲ್ಲಿದ್ದದ್ದೂ ಅಂಥದ್ದೇ ಕಬ್ಬಿಣದ ಗಾಣ. ಹಳೆಯ ಕಲ್ಲಿನ ಗಾಣ ಇವತ್ತಿಗೂ ಕೆರೆ ಏರಿಯ ಪಕ್ಕ ಮಗುಚಿ ಬಿದ್ದಿದೆ. ಮಳೆ ಬಂದಾಗ ಅದರ ಗುಂಡಿಯಲ್ಲಿ ನಿಂತ ನೀರನ್ನು ನಾಯಿಗಳು ಕುಡಿಯುತ್ತವೆ.

ಕಬ್ಬಿನ ಚರಿತ್ರೆಯಲ್ಲಿ ಮೇಪಲ್ ನಾಡಿನ ಮನುಷ್ಯನೊಬ್ಬ ಸಿಗುತ್ತಾನೆಂದು ನಾನು ಎಣಿಸಿರಲಿಲ್ಲ. ಲೆಸ್ಲಿ ಕೋಲ್ಮನ್ 1878ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಹುಟ್ಟಿದವರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, 1913ರಿಂದ ಕೃಷಿ ಇಲಾಖೆಯ ನಿರ್ದೇಶಕರಾಗಿ ಸುಮಾರು ಎರಡು ದಶಕ ಕೆಲಸ ಮಾಡಿದರು. ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಮಲೆನಾಡಿಗೆ ಕಲಿಸಿದವರು ಎಂದೇ ಹೆಚ್ಚಿನವರಿಗೆ ಅವರ ಪರಿಚಯ. ಹೆಬ್ಬಾಳದಲ್ಲಿ ಅವರು ಕಬ್ಬಿನ ಹೊಸ ತಳಿಗಳನ್ನೂ ಬೆಳೆಸಿದರು. ಕೃಷ್ಣರಾಜಸಾಗರದ ನಾಲೆ ಮಂಡ್ಯಕ್ಕೆ ಹರಿದು, 1933ರಲ್ಲಿ ಅಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದ ಮೇಲೆ ಕಬ್ಬಿನ ಸೀಮೆ ಎಂದರೆ ಮಂಡ್ಯ ಎಂದಾಯಿತು. ನಾಲೆ ನೀರಿನವರಿಗೆ ಒಂದು ಅನುಕೂಲ ಇತ್ತು. ಕೊಯ್ಲಿನ ಮುಂಚೆ ಮಡೆ ಕಟ್ಟಿ ನೀರು ನಿಲ್ಲಿಸಬಹುದು, ಮಳೆಯೂ ಹೆಚ್ಚಾಗಿ ಅಷ್ಟರೊಳಗೆ ಮುಗಿದಿರುತ್ತದೆ. ಬಂಗಾಳ ಕೊಲ್ಲಿಯ ಮೋಡಕ್ಕೆ ಮೈಯೊಡ್ಡಿ ನಿಂತ ನಮ್ಮ ಕೆರೆ ಕೆಳಗಿನ ಗದ್ದೆಗಳಿಗೆ ಆ ಅನುಕೂಲ ಇರಲಿಲ್ಲ.

ಇನ್ನು ಕೊಪ್ಪರಿಗೆಯ ಮುಂದೆ ಬರೋಣ. ನೂರು ಕಿಲೋ ಕಬ್ಬಿಗೆ ಸುಮಾರು ಹತ್ತು ಕಿಲೋ ಬೆಲ್ಲ. ಕಬ್ಬಿನ ಹಾಲನ್ನು ಸೋಸಿ ಕೊಪ್ಪರಿಗೆಗೆ ಸುರಿದು, ಸ್ವಲ್ಪ ಸುಣ್ಣದ ತಿಳಿ ಹಾಕಿ ಹುಳಿ ಮುರಿಯುತ್ತಾರೆ. ಬೆಂಡೆ ಗಿಡದ ಕಾಂಡ ಜಜ್ಜಿದ ಲೋಳೆ ಹಾಕಿದರೆ ಕಸವೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ಬಾಚಿ ತೆಗೆಯುತ್ತಾರೆ. ಉಕ್ಕಿದರೆ ನಾಲ್ಕು ಹನಿ ಹರಳೆಣ್ಣೆ. ಕೊನೆಕೊನೆಗೆ ಗುಳ್ಳೆಯ ಆಕಾರ ಬದಲಾಗುತ್ತದೆ, ವಾಸನೆ ಬದಲಾಗುತ್ತದೆ. ಪಾಕ ನೋಡುವವನು ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ನೋಡುತ್ತಾನೆ. ಉಂಡೆ ಗಟ್ಟಿಯಾಗಿ ನಿಂತರೆ ಇಳಿಸು ಎನ್ನುತ್ತಾನೆ. ಪ್ರಯೋಗಾಲಯದ ಉಷ್ಣಮಾಪಕ ಆ ಹೊತ್ತಿಗೆ ಸುಮಾರು 118 ಡಿಗ್ರಿ ಸೆಲ್ಸಿಯಸ್ ತೋರಿಸುತ್ತದೆ. ಎರಡು ನಿಮಿಷ ಮುಂಚೆ ಇಳಿಸಿದರೆ ಮೆತ್ತಗೆ, ಎರಡು ನಿಮಿಷ ತಡವಾದರೆ ಸೀದು ಕಪ್ಪು. ಇಷ್ಟೂ ಒಬ್ಬ ಮನುಷ್ಯನ ಕಣ್ಣು, ಮೂಗು, ಬೆರಳ ತುದಿಯಲ್ಲಿ ಇರುತ್ತದೆ. ಆದ್ದರಿಂದಲೇ ಕೆಟ್ಟರೆ ಅವನೇ ಕೆಡಿಸಿದ ಎನ್ನುವುದು ಸುಲಭ.

ಅವನ ಕೈಗೆ ಸಿಗದ ವಿಷಯವೊಂದಿದೆ. ಕಬ್ಬಿನ ಹಾಲಿನಲ್ಲಿ ಗಟ್ಟಿಯಾಗಿ ಹರಳಾಗುವ ಸಕ್ಕರೆಯ ಜೊತೆಗೆ, ಹರಳಾಗದ ಗ್ಲೂಕೋಸ್, ಫ್ರಕ್ಟೋಸ್ ಎಂಬ ಸಕ್ಕರೆಗಳೂ ಇರುತ್ತವೆ. ಚೆನ್ನಾಗಿ ಮಾಗಿದ ಕಬ್ಬಿನಲ್ಲಿ ಅವು ಬಹಳ ಕಡಿಮೆ. ಮಾಗದ, ಮಲಗಿ ಚಿಗುರಿದ, ಕಡಿದು ಹಾಗೇ ಬಿಟ್ಟ ಕಬ್ಬಿನಲ್ಲಿ ಜಾಸ್ತಿ. ಅವು ಜಾಸ್ತಿ ಇದ್ದ ಪಾಕ ಎಷ್ಟೇ ಹದ ನೋಡಿ ಇಳಿಸಿದರೂ ಅಚ್ಚಿನಲ್ಲಿ ಗಟ್ಟಿಯಾಗಿ ನಿಲ್ಲುವುದು ಕಷ್ಟ. ನಿಂತರೂ ಗಾಳಿಯ ತೇವ ಹೀರಿ ಬೆವರುತ್ತದೆ, ನಾಲ್ಕು ದಿನಕ್ಕೆ ಗೋಣಿಚೀಲಕ್ಕೆ ಅಂಟುತ್ತದೆ. ಇದರ ಮೇಲೆ ಒಲೆಯ ಕಷ್ಟ. ಆಲೆಮನೆಯ ಒಲೆಗೆ ಸೌದೆ ಹಿಂಡಿದ ಕಬ್ಬಿನ ಸಿಪ್ಪೆಯೇ. ಅದನ್ನು ಬಯಲಲ್ಲಿ ಹರಡಿ ಕೆಲವು ದಿನ ಬಿಸಿಲಿಗೆ ಒಣಗಿಸಬೇಕು. ತುಂತುರು ಹಿಡಿದರೆ ಸಿಪ್ಪೆ ಹೊಗೆಯಾಡುತ್ತದೆ, ಉರಿಯುವುದಿಲ್ಲ. ಉರಿ ಮಂದವಾದರೆ ಪಾಕ ಹೆಚ್ಚು ಹೊತ್ತು ಕುದಿಯಬೇಕು. ಹುಳಿ ಇರುವ ಹಾಲು ಹೆಚ್ಚು ಹೊತ್ತು ಕುದ್ದಷ್ಟೂ ಹರಳಾಗುವ ಸಕ್ಕರೆ ಒಡೆದು ಹರಳಾಗದ ಸಕ್ಕರೆಯಾಗುತ್ತದೆ. ಬಣ್ಣವೂ ಕಪ್ಪಾಗುತ್ತದೆ. ಅಂದರೆ ಹವೆ ಎರಡು ಸಲ ಹೊಡೆಯುತ್ತದೆ, ಒಮ್ಮೆ ಗದ್ದೆಯಲ್ಲಿ, ಇನ್ನೊಮ್ಮೆ ಒಲೆಯಲ್ಲಿ.

ಕೋಡಿ, ಮಲಗಿದ ಕಬ್ಬು, ಚಳಿಯಿಲ್ಲದ ಪುಷ್ಯ, ಒಣಗದ ಸಿಪ್ಪೆ. ತಾತನ ಅಂಚಿನ ಬರಹದಲ್ಲಿ ನಾಲ್ಕೂ ಇವೆ. ನಿಂಬೆಹಣ್ಣೂ ಬೇಡ, ಹೆಂಡವೂ ಬೇಡ.

ಒಂದು ಮಾತನ್ನು ಹೇಳಿಬಿಡಬೇಕು. ಇದರಿಂದ ಆ ದಿನ ಆ ಮನುಷ್ಯ ಕುಡಿದಿರಲಿಲ್ಲ ಎಂದು ಸಾಬೀತಾಗುವುದಿಲ್ಲ. ಅಂಥ ಹವೆಯಲ್ಲಿ ಅಂಥ ಕಬ್ಬು ಕೊಟ್ಟರೆ ಎಂಥ ಕೈಯಾದರೂ ಗಟ್ಟಿ ಬೆಲ್ಲ ತೆಗೆಯುವುದು ಕಷ್ಟವಿತ್ತು ಎಂದಷ್ಟೇ ಸಾಬೀತಾಗುತ್ತದೆ. ಕೂಲಿ ತಡೆಯುವುದಕ್ಕೆ ಬೇಕಾದ ಕಾರಣ ಅಷ್ಟರಲ್ಲೇ ಬಿದ್ದುಹೋಗುತ್ತದೆ.

ಕಳೆದ ಸಂಕ್ರಾಂತಿ ಕಳೆದ ಮೇಲೆ ಲೆಕ್ಕದ ಪುಸ್ತಕ ಹಿಡಿದುಕೊಂಡು ಆತನ ಮನೆಗೆ ಹೋದೆ. ಆತ ಈಗಿಲ್ಲ. ಮಗಳು ಇದ್ದಾರೆ, ಅರವತ್ತು ದಾಟಿದೆ. ನಮ್ಮ ಬೀದಿಯಿಂದ ಅವರ ಮನೆಗೆ ಹತ್ತು ನಿಮಿಷದ ದಾರಿ. ಅಷ್ಟು ವರ್ಷ ಅಲ್ಲೇ ಬೆಳೆದರೂ ನಾನು ಆ ಮನೆಯ ಒಳಗೆ ಹೋಗಿದ್ದು ಅದೇ ಮೊದಲು. ಅವರ ಮಗ ವಡ್ಡಹಳ್ಳಿಯ ಟೊಮೆಟೊ ಮಂಡಿಗೆ ಹೊರಟಿದ್ದ. ಬಾಗಿಲ ಮುಂದೆ ಪ್ಲಾಸ್ಟಿಕ್ ಕ್ರೇಟುಗಳನ್ನು ಜೋಡಿಸಿದ್ದರು. ನಮ್ಮ ತಾಲ್ಲೂಕಿನಲ್ಲಿ ಕೆರೆಗಳು ಒಣಗಿ, ಕೊಳವೆಬಾವಿ ಸಾವಿರ ಅಡಿ ದಾಟಿದ ಮೇಲೆ ಹನ್ನೆರಡು ತಿಂಗಳು ನೀರು ಕೇಳುವ ಕಬ್ಬನ್ನು ಬಿಟ್ಟು, ಮೂರು ನಾಲ್ಕು ತಿಂಗಳಲ್ಲಿ ಕೈಗೆ ಬರುವ ಟೊಮೆಟೊಗೆ ಎಲ್ಲರೂ ಹೊರಳಿದ್ದಾರೆ. ನಮ್ಮ ಊರಿನಲ್ಲಿ ಈಗ ಆಲೆಮನೆ ಇಲ್ಲ.

ನಾನು ಪುಸ್ತಕ ತೆಗೆದು ಆ ಸಾಲು ಓದಿದೆ. ಮೋಡದ್ದು, ಸಿಪ್ಪೆಯದ್ದು, ಗ್ಲೂಕೋಸಿನದ್ದು ಎಲ್ಲ ವಿವರಿಸಿದೆ. ಅವರು ಅಕ್ಕಿ ಆರಿಸುತ್ತಾ ಕೇಳಿಸಿಕೊಂಡರು.

"ಇದೆಲ್ಲಾ ಓದಕ್ಕೆ ಎಷ್ಟು ವರ್ಸ ಆಯ್ತಮ್ಮ ನಿಂಗೆ?"

"ನಾಲ್ಕು ವರ್ಷ ಆಗ್ತಾ ಬಂತು."

"ನಮ್ಮಪ್ಪ ಅವತ್ತೇ ಯೋಳಿದ್ದ. ಸ್ವಾಮಿ, ಕಬ್ಬಿಗೆ ನೀರು ಕುಡಿಸಿದೆ ಮಳೆ, ಇನ್ನು ಹದಿನೈದು ದಿವ್ಸ ಬಿಡಿ, ಬಿಸಿಲು ಬಿದ್ದ ಮ್ಯಾಲೆ ಕಡಿಯಣ ಅಂತ. ನಿಮ್ಮ ತಾತ ಕೇಳಲಿಲ್ಲ. ಶಿವರಾತ್ರಿಗೆ ಸಾಲ ತೀರಿಸಬೇಕಿತ್ತಂತೆ."

ನಾನು ಸುಮ್ಮನೆ ಕೂತೆ. ತಾತನ ಪುಸ್ತಕದಲ್ಲಿ ಆ ಮಾತು ಇಲ್ಲ. ಸಾಲದ ಲೆಕ್ಕ ಮಾತ್ರ ಇದೆ, ಅದನ್ನು ನಾನು ಬೇರೆ ಅಧ್ಯಾಯಕ್ಕೆಂದು ಎತ್ತಿಟ್ಟಿದ್ದೆ.

"ಕುಡಿದಿದ್ದ ಅಂದ್ರು. ನಮ್ಮಪ್ಪ ಕುಡೀತಿದ್ದ, ಇಲ್ಲ ಅನ್ನಲ್ಲ. ಕೊಪ್ಪರಿಗೆ ಮುಂದೆ ಕುಡೀತಿರಲಿಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆಮ್ಯಾಲೆ ಬೆಲ್ಲ ಕಂಡ್ರೆ ಮುಖ ತಿರುಗಿಸ್ತಿದ್ದ. ಹಬ್ಬಕ್ಕೂ ಮುಟ್ತಿರಲಿಲ್ಲ" ಎಂದರು.

ಆ ನಲವತ್ತೈದು ರೂಪಾಯಿಯ ಮಾತನ್ನು ಹೇಗೆ ತೆಗೆಯಬೇಕೋ ನನಗೆ ತಿಳಿಯಲಿಲ್ಲ. ಬಡ್ಡಿ ಸೇರಿಸಿ ಎಷ್ಟಾಗಬಹುದೆಂದು ಹಿಂದಿನ ರಾತ್ರಿ ಲೆಕ್ಕ ಹಾಕಿ, ಲಕೋಟೆಯಲ್ಲಿ ಹಾಕಿಕೊಂಡು ಹೋಗಿದ್ದೆ. ಕೊಟ್ಟೆ. ಅವರು ತೆರೆದು ನೋಡಿ, ಐವತ್ತರ ಒಂದು ನೋಟು ತೆಗೆದುಕೊಂಡು, ಸೊಂಟದ ಚೀಲದಿಂದ ಐದು ರೂಪಾಯಿ ನಾಣ್ಯ ಹುಡುಕಿ ನನ್ನ ಕೈಗೆ ಹಾಕಿ, ಉಳಿದದ್ದನ್ನು ಹಾಗೇ ಹಿಂತಿರುಗಿಸಿದರು. "ಕೂಲಿ ಬಂತು. ಬರಕೋ" ಎಂದರು.

ಬರೆದುಕೊಂಡೆ. ಪಿಂಗಳ ಸಂವತ್ಸರದ ಆ ಪುಟದಲ್ಲಿ, ತಾತನ ಸಾಲಿನ ಕೆಳಗೆ, ಅವರ ಎದುರಿಗೇ, ಇವತ್ತಿನ ತಾರೀಕು ಹಾಕಿ. ಪತ್ರಾಗಾರದ ದಾಖಲೆಯ ಮೇಲೆ ಸಂಶೋಧಕರು ಏನೂ ಬರೆಯಕೂಡದು ಎಂದು ನಮಗೆ ಮೊದಲ ದಿನವೇ ಹೇಳಿಕೊಡುತ್ತಾರೆ. ಮನೆಗೆ ಬಂದ ಮೇಲೆ ನನ್ನ ಕೋಷ್ಟಕವನ್ನೂ ತೆರೆದೆ. 1977-78ನ್ನು ಒಳ್ಳೆಯ ವರ್ಷಗಳ ಸಾಲಿನಿಂದ ತೆಗೆದೆ. ಎಲ್ಲಿಗೆ ಹಾಕುವುದು ಎಂದು ಇನ್ನೂ ತೀರ್ಮಾನ ಆಗಿಲ್ಲ. ಯಾರಿಗೆ ಒಳ್ಳೆಯದು ಎಂದು ಇನ್ನೊಂದು ಕಾಲಂ ಸೇರಿಸಬೇಕಾಗಬಹುದು.